ಕೊರತೆಗೂ ಪ್ರೀಮಿಯಂ

2025ರ ಜುಲೈನಲ್ಲಿ ಸೋನಿ ಕಂಪನಿ ತನ್ನ ಆರ್‌ಎಕ್ಸ್1ಆರ್ ಸಾಲಿನ ಮೂರನೆಯ ಕ್ಯಾಮೆರಾವನ್ನು ಹೊರತಂದಿತು. ಎರಡನೆಯದು ಬಂದು ಹೆಚ್ಚುಕಡಿಮೆ ಹತ್ತು ವರ್ಷವಾಗಿತ್ತು. ಈ ಸಾಲು ಇಲ್ಲಿಗೆ ಮುಗಿಯಿತು ಎಂದು ಕೈತೊಳೆದುಕೊಂಡಿದ್ದ ಅಭಿಮಾನಿಗಳಿಗೆ ಹಬ್ಬ. 61 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಸೆನ್ಸರ್, ಕಳಚಲಾಗದ 35 ಮಿ.ಮೀ. ಎಫ್2 ಝೈಸ್ ಲೆನ್ಸ್, ಬ್ಯಾಟರಿ ಸೇರಿ 498 ಗ್ರಾಂ ತೂಕ. ಅಮೆರಿಕದಲ್ಲಿ ಇಟ್ಟ ಬೆಲೆ 5,098 ಡಾಲರ್. ಆಗಿನ ವಿನಿಮಯ ದರದಲ್ಲಿ, ತೆರಿಗೆ ಸುಂಕಗಳ ಮಾತು ಬಿಟ್ಟು, ಸುಮಾರು 4.4 ಲಕ್ಷ ರೂಪಾಯಿ.

ಇದರಲ್ಲಿ ಏನೇನಿಲ್ಲ ಎಂಬುದೂ ಮೊದಲ ದಿನವೇ ಗೊತ್ತಾಯಿತು. ಕೈನಡುಕವನ್ನು ಸರಿದೂಗಿಸುವ ಸ್ಟೆಬಿಲೈಸೇಷನ್ ಸೆನ್ಸರಿನಲ್ಲೂ ಇಲ್ಲ, ಲೆನ್ಸಿನಲ್ಲೂ ಇಲ್ಲ. ಹಿಂದಿನ ಸ್ಕ್ರೀನ್ ಅಲ್ಲಾಡುವುದಿಲ್ಲ. 2015ರ ಮಾಡೆಲ್‌ನಲ್ಲಿ ಅದು ಮೇಲಕ್ಕೂ ಕೆಳಕ್ಕೂ ಓರೆಯಾಗುತ್ತಿತ್ತು, ಈಗ ಕಿತ್ತುಹಾಕಿದ್ದಾರೆ. ದೂಳು, ನೀರು ತಡೆಯುವ ಸೀಲಿಂಗ್ ಇಲ್ಲ. ಬ್ಯಾಟರಿ 2010ರ ಸುಮಾರಿನ ಎನ್‌ಪಿ-ಎಫ್‌ಡಬ್ಲ್ಯು50. ಕಂಪನಿಯ ಲೆಕ್ಕದಲ್ಲೇ ಒಂದು ಚಾರ್ಜಿಗೆ 300 ಚಿತ್ರದ ಆಸುಪಾಸು. ಲೆನ್ಸ್ 2012ರ ಮೊದಲ ಆರ್‌ಎಕ್ಸ್1ರದ್ದೇ. ಬಿಸಿಲು ತಡೆಯುವ ಹುಡ್, ಹೆಬ್ಬೆರಳಿಗೆ ಆಸರೆಯಾಗುವ ಹಿಡಿಕೆ ಬೇಕಾದವರು ಬೇರೆಯಾಗಿ ಕೊಳ್ಳಬೇಕು.

ಈ ಕೊರತೆಗಳನ್ನು ಎಲ್ಲರೂ ಎಣಿಸಿದರು, ಆಮೇಲೆ ಹೆಚ್ಚಿನವರು ಅವನ್ನು ಮನ್ನಿಸಿದರು. ಮನ್ನಿಸಲು ಮಾತುಗಳು ಸಿದ್ಧವಾಗಿಯೇ ಇರುತ್ತವೆ: ಗಾತ್ರ ಚಿಕ್ಕದಿರಬೇಕಾದರೆ ಏನಾದರೂ ಬಿಡಲೇಬೇಕು, ಒಂದೇ ಲೆನ್ಸ್ ಇದ್ದರೆ ಕಣ್ಣು ಪಳಗುತ್ತದೆ, ಅನುಕೂಲ ಕಡಿಮೆಯಾದಷ್ಟೂ ಛಾಯಾಗ್ರಾಹಕ ಹೆಚ್ಚು ಯೋಚಿಸುತ್ತಾನೆ. ತೂಗುವ ತಕ್ಕಡಿ ಟೋಕಿಯೋದಲ್ಲೋ ಲಂಡನ್ನಿನಲ್ಲೋ ಇದ್ದರೆ ಈ ಮಾತು ಒಂದಿಷ್ಟು ನಿಲ್ಲುತ್ತದೆ. ಅದೇ ತಕ್ಕಡಿಯನ್ನು ನಾಗಪುರದ ಸೀತಾಬರ್ಡಿಯ ಪೇಟೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಹಿಡಿದರೆ ಮುಳ್ಳು ಬೇರೆ ಕಡೆಗೆ ವಾಲುತ್ತದೆ.

ಬಿಸಿಲನ್ನೇ ನೋಡಿ. ಇಂಥ ಕ್ಯಾಮೆರಾಗಳ ಕೈಪಿಡಿಯ ಕೊನೆಯ ಪುಟಗಳಲ್ಲಿ ಯಾರೂ ಓದದ ಒಂದು ಸಾಲಿರುತ್ತದೆ: ಕೆಲಸ ಮಾಡುವ ಉಷ್ಣಾಂಶ 0ರಿಂದ 40 ಡಿಗ್ರಿ. ನಾಗಪುರದಲ್ಲಿ ಮೇ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶವೇ 40 ದಾಟುತ್ತದೆ. 2013ರ ಮೇನಲ್ಲಿ 47.9 ಡಿಗ್ರಿ ದಾಖಲಾಗಿತ್ತು. 2024ರ ಮೇ ಕೊನೆಗೆ ಊರಿನ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರ 56 ಡಿಗ್ರಿ ತೋರಿಸಿ ದೇಶವನ್ನೆಲ್ಲ ಬೆಚ್ಚಿಬೀಳಿಸಿತು. ಆಮೇಲೆ ಹವಾಮಾನ ಇಲಾಖೆ ಅದು ಸೆನ್ಸರಿನ ದೋಷ ಎಂದಿತು. ಬಿಸಿಲು ಅಳೆಯಲೆಂದೇ ನಿಲ್ಲಿಸಿದ ಯಂತ್ರದ ಪಾಡು ಇದು. ಕ್ಯಾಮೆರಾ 41 ಡಿಗ್ರಿಗೆ ನಿಂತುಹೋಗುತ್ತದೆ ಎಂದಲ್ಲ. ಆದರೆ ಆ ಸಾಲು ದಾಟಿದ ಮೇಲೆ ಹೊಣೆ ಕೊಂಡವನದ್ದು. ಇಲ್ಲಿ ಬೇಸಿಗೆಯಲ್ಲಿ ಬೀದಿಗಿಳಿದು ದುಡಿಯುವವನು ವಾರಗಟ್ಟಲೆ ಆ ಸಾಲಿನ ಆಚೆಯೇ ಇರುತ್ತಾನೆ. ಬಿಸಿ ಹೆಚ್ಚಿದಷ್ಟೂ ಲಿಥಿಯಂ ಬ್ಯಾಟರಿಯ ಆಯಸ್ಸೂ ಸವೆಯುತ್ತದೆ. ಮೊದಲೇ ಸಣ್ಣ ಬ್ಯಾಟರಿ.

ದೂಳಿನದು ಇನ್ನೂ ಗಂಭೀರ. ಊರಿನ ಉತ್ತರಕ್ಕೆ ಕೊರಾಡಿ, ಖಾಪರಖೇಡಾಗಳ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು. ಒಳಗೆ ವರ್ಷಗಳಿಂದ ನಡೆದೇ ಇರುವ ಮೇಲ್ಸೇತುವೆ, ರಸ್ತೆ ಕಾಮಗಾರಿಗಳು. ಲೆನ್ಸ್ ಕಳಚುವುದೇ ಇಲ್ಲವಾದ್ದರಿಂದ ದೂಳು ಒಳಗೆ ಹೋಗುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಲೆನ್ಸ್ ಬದಲಿಸುವಾಗ ನುಗ್ಗುವ ದೂಳು ನುಗ್ಗುವುದಿಲ್ಲ, ನಿಜ. ಆದರೆ ಸೀಲಿಂಗ್ ಇಲ್ಲದ ಪೆಟ್ಟಿಗೆಗೆ ಗುಂಡಿ, ಡಯಲುಗಳ ಸುತ್ತಲಿನ ಸಂದುಗಳಿವೆ. ಲೆನ್ಸ್ ಬದಲಿಸುವ ಕ್ಯಾಮೆರಾದ ಸೆನ್ಸರಿನ ಮೇಲೆ ದೂಳು ಕೂತರೆ ಮನೆಯಲ್ಲೇ ರಬ್ಬರ್ ಬ್ಲೋವರ್ ಒತ್ತಿ ಊದಿದರೆ ಬಹಳ ಸಲ ಹೋಗುತ್ತದೆ. ಇದರಲ್ಲಿ ಊದಲು ದಾರಿಯೇ ಇಲ್ಲ. ಒಂದು ಕಣ ಕೂತಿತೆಂದರೆ ಇಡೀ ಕ್ಯಾಮೆರಾವನ್ನು ಬಿಚ್ಚಬಲ್ಲವರ ಬಳಿ ಕಳಿಸಬೇಕು, ಅದು ವಾಪಸು ಬರುವವರೆಗೆ ಕೈಯಲ್ಲಿ ಏನೂ ಇರುವುದಿಲ್ಲ. ನಾಲ್ಕು ಲಕ್ಷ ದಾಟಿದ ಯಂತ್ರ ಒಂದು ಧೂಳಿನ ಕಣಕ್ಕೆ ರಜೆ ಹಾಕುತ್ತದೆ.

ಇಷ್ಟಾದರೂ ಬಿಸಿಲು, ದೂಳು ಎಂದರೆ ಹವೆಯ ಮಾತಾಯಿತು. ಸ್ಕ್ರೀನಿನ ವಿಷಯ ಹಾಗಲ್ಲ, ಅದು ಮನುಷ್ಯರನ್ನು ಹೇಗೆ ನೋಡುತ್ತೇವೆ ಎಂಬುದಕ್ಕೆ ಸಂಬಂಧಿಸಿದ್ದು. ವಿಜಯದಶಮಿಯ ಹೊತ್ತಿಗೆ ನಾಗಪುರದ ದೀಕ್ಷಾಭೂಮಿಗೆ ಲಕ್ಷಾಂತರ ಜನ ಬರುತ್ತಾರೆ. 1956ರ ಅಕ್ಟೋಬರ್ 14ರಂದು ಡಾ. ಅಂಬೇಡ್ಕರ್ ತಮ್ಮ ಅನುಯಾಯಿಗಳೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ ನೆಲ ಅದು. ಬಿಳಿ ಸೀರೆಯುಟ್ಟ ಅಜ್ಜಿಯರು, ಎತ್ತಿಕೊಂಡ ಮಕ್ಕಳು, ನೀಲಿ ಬಾವುಟ, ಸಾಲುಸಾಲು ಪುಸ್ತಕದಂಗಡಿಗಳು. ದೂರದಿಂದ ಬಂದವರು ನೆಲದ ಮೇಲೆ ಚಾಪೆ ಹಾಸಿ ಕೂತಿರುತ್ತಾರೆ, ಅಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ. ಕೂತವರ ಚಿತ್ರ ತೆಗೆಯುವವನು ತಾನೂ ಅವರ ಎತ್ತರಕ್ಕೆ ಇಳಿಯಬೇಕು. ಸ್ಕ್ರೀನ್ ಓರೆಯಾದರೆ ಕ್ಯಾಮೆರಾವನ್ನು ಮೊಣಕಾಲಿನ ಮಟ್ಟಕ್ಕೆ ಹಿಡಿದು, ಬಗ್ಗಿ ನೋಡಿ, ಮಾತಾಡುತ್ತಲೇ ತೆಗೆಯಬಹುದು. ಎದುರಿನವರಿಗೆ ಛಾಯಾಗ್ರಾಹಕನ ಮುಖ ಕಾಣುತ್ತಿರುತ್ತದೆ. ಅಲ್ಲಾಡದ ಸ್ಕ್ರೀನ್ ಇದ್ದರೆ ಉಳಿಯುವುದು ಎರಡೇ: ಪ್ರತಿ ಚಿತ್ರಕ್ಕೂ ಆ ಜಂಗುಳಿಯಲ್ಲಿ ಕುಕ್ಕರಗಾಲಲ್ಲಿ ಕೂರುವುದು, ಇಲ್ಲವೆ ನಿಂತು ಮೇಲಿನಿಂದ ಕೆಳಕ್ಕೆ ತೆಗೆಯುವುದು. ಇಪ್ಪತ್ತನೆಯ ಚಿತ್ರದ ಹೊತ್ತಿಗೆ ಸೊಂಟ ಸೋಲುತ್ತದೆ, ನಿಂತೇ ತೆಗೆಯುವುದು ರೂಢಿಯಾಗುತ್ತದೆ. ಬಡವರನ್ನು, ದಲಿತರನ್ನು ಮೇಲಿನಿಂದ ನೋಡಿದ ಚಿತ್ರಗಳು ಈ ದೇಶದಲ್ಲಿ ಮೊದಲೇ ಸಾಕಷ್ಟಿವೆ. ಒಂದು ಕೀಲನ್ನು ಉಳಿಸಿ ಕೆಲವು ಮಿಲಿಮೀಟರ್ ತೆಳುವಾಗಿಸಿದ್ದಕ್ಕೆ ತೆರುವ ಬೆಲೆ ಇದೂ ಹೌದು. ಗುಂಪಿನ ತಲೆಗಳ ಮೇಲೆ ಕೈ ಚಾಚಿ ತೆಗೆಯಬೇಕಾದಾಗಲೂ ಕಷ್ಟ ಇದೇ. ಅಲ್ಲಿ ಅಂದಾಜಿನ ಮೇಲೆ ಒತ್ತಬೇಕು.

ಸಂಜೆಯಾದರೆ ಸ್ಟೆಬಿಲೈಸೇಷನ್ ಇಲ್ಲದ್ದು ಕಾಡತೊಡಗುತ್ತದೆ. ಮೆಗಾಪಿಕ್ಸೆಲ್ ಹೆಚ್ಚಿದಷ್ಟೂ ಸಣ್ಣ ಕಂಪನವೂ ಚಿತ್ರದಲ್ಲಿ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಷಟರ್ ವೇಗ ಏರಿಸಬೇಕು, ಅದಕ್ಕೆ ಐಎಸ್‌ಒ ಏರಿಸಬೇಕು, ಐಎಸ್‌ಒ ಏರಿದರೆ ಚಿತ್ರ ಕಾಳುಕಾಳಾಗುತ್ತದೆ. 61 ಮೆಗಾಪಿಕ್ಸೆಲ್‌ಗೆ ಹಣ ಕೊಟ್ಟು, ದೀಪ ಹತ್ತುವ ಹೊತ್ತಿಗೆ ಅದರ ಅರ್ಧ ಲಾಭವನ್ನು ಹಿಂದಿರುಗಿಸಿದಂತೆ. ಒಂದೇ ಲೆನ್ಸಿನ ಕೊರತೆ ನೀಗಲೆಂದು ಚಿತ್ರವನ್ನು ಕತ್ತರಿಸಿ 50 ಅಥವಾ 70 ಮಿ.ಮೀ.ನಂತೆ ತೋರಿಸುವ ಸೌಲಭ್ಯ ಕೊಟ್ಟಿದ್ದಾರೆ. 70ರಲ್ಲಿ ಉಳಿಯುವುದು ಸುಮಾರು 15 ಮೆಗಾಪಿಕ್ಸೆಲ್. ಕತ್ತರಿಸಿ ಹಿಗ್ಗಿಸಿದಾಗ ಕೈನಡುಕವೂ ಹಿಗ್ಗುತ್ತದೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಮಳೆಯ ಮಾತಿಗೆ ಬಂದರೆ, ಇತವಾರಿಯ ಗಲ್ಲಿಗಳಲ್ಲಿ ಮಾರ್ಬತ್ ಮೆರವಣಿಗೆ ಹೊರಡುವುದು ಪೋಳಾ ಹಬ್ಬದ ಮರುದಿನ, ಮಳೆಗಾಲದಲ್ಲೇ. ಕರಿ ಮಾರ್ಬತ್, ಹಳದಿ ಮಾರ್ಬತ್‌ಗಳ ಜೊತೆಗೆ ಆ ವರ್ಷ ಜನರನ್ನು ಕಾಡಿದ್ದನ್ನೆಲ್ಲ ‘ಬಡಗ್ಯಾ’ ಎಂಬ ಗೊಂಬೆ ಮಾಡಿ ಮೆರೆಸಿ ಸುಡುವ ಪದ್ಧತಿ. (ಸೀಲಿಂಗ್ ಇಲ್ಲದ ಐದು ಸಾವಿರ ಡಾಲರಿನ ಕ್ಯಾಮೆರಾಕ್ಕೂ ಒಂದು ಬಡಗ್ಯಾ ಕಟ್ಟಬಹುದು.) ಅಲ್ಲಿ ನಾಲ್ಕು ಹನಿ ಬಿದ್ದರೆ ಇದನ್ನು ಚೀಲದೊಳಗೆ ಇಡಬೇಕು.

ಇದರ ಒಳ್ಳೆಯ ಗುಣಗಳನ್ನು ಮುಚ್ಚಿಡಬೇಕಿಲ್ಲ. ಲೆನ್ಸಿನೊಳಗೇ ಇರುವ ಲೀಫ್ ಷಟರ್ ಸದ್ದೇ ಮಾಡುವುದಿಲ್ಲ ಎನ್ನಬೇಕು. ಪ್ರಾರ್ಥನೆ, ಸಾವಿನ ಮನೆಯಂಥ ಕಡೆ ಅದು ದೊಡ್ಡ ಸೌಜನ್ಯ. ಹಗಲಲ್ಲಿ ಚೂಪು ಅದ್ಭುತ. ಸಣ್ಣ ಕ್ಯಾಮೆರಾ ಕಂಡರೆ ಜನ ಬೆದರುವುದಿಲ್ಲ ಎಂಬುದೂ ನಿಜ.

ಆದರೆ ‘ಸಣ್ಣ’ ಎಂಬುದನ್ನೇ ಅಳೆದು ನೋಡಬೇಕು. ಲೆನ್ಸ್ ಸೇರಿ ಇದರ ಆಳ ಎಂಟೂಮುಕ್ಕಾಲು ಸೆಂಟಿಮೀಟರ್. ಯಾವ ಪ್ಯಾಂಟಿನ ಜೇಬಿಗೂ ಹೋಗುವುದಿಲ್ಲ. ಹೆಗಲಿಗೆ ಹಾಕಿಕೊಳ್ಳಲೇಬೇಕು ಎಂದ ಮೇಲೆ ಹೋಲಿಕೆ ಬೇರೆಯದರ ಜೊತೆ ಆಗಬೇಕು. ಇದೇ ಕಂಪನಿಯ ಎ7ಸಿ ಆರ್ 2023ರಲ್ಲಿ ಬಂತು. ಅದರದೂ 61 ಮೆಗಾಪಿಕ್ಸೆಲ್ ಸೆನ್ಸರ್. ಅದಕ್ಕೆ ಸ್ಟೆಬಿಲೈಸೇಷನ್ ಇದೆ, ಎಲ್ಲ ದಿಕ್ಕಿಗೂ ತಿರುಗುವ ಸ್ಕ್ರೀನ್ ಇದೆ, ದೊಡ್ಡ ಬ್ಯಾಟರಿ ಇದೆ, ದೂಳು ತೇವಕ್ಕೆ ತಕ್ಕಮಟ್ಟಿನ ತಡೆ ಇದೆ. ಅದರ ತೂಕ 515 ಗ್ರಾಂ, ಜೊತೆಗೆ 35 ಮಿ.ಮೀ. ಎಫ್1.8 ಲೆನ್ಸ್ 280 ಗ್ರಾಂ. ಬಿಡುಗಡೆಯಾದಾಗಿನ ಬೆಲೆಗಳನ್ನು ಕೂಡಿದರೆ 2,998 ಮತ್ತು 748, ಒಟ್ಟು 3,746 ಡಾಲರ್. ಅಂದರೆ ಆರ್‌ಎಕ್ಸ್1ಆರ್ ಕೊಳ್ಳುವವರು ಸುಮಾರು 1,350 ಡಾಲರ್ ಹೆಚ್ಚು ಕೊಟ್ಟು ಕಳೆದುಕೊಳ್ಳುವ ತೂಕ 300 ಗ್ರಾಂ. ನಾಗಪುರದ ಭಾಷೆಯಲ್ಲಿ ಎರಡು ಸಂತ್ರಾ ಹಣ್ಣು.

ಕನ್ನಡದ ಮನೆಗಳಿಗೆ ‘ಪ್ರೀಮಿಯಂ’ ಎಂಬ ಮಾತು ಮೊದಲು ಬಂದದ್ದು ಎಲ್‌ಐಸಿ ಏಜೆಂಟರ ಬಾಯಲ್ಲಿ. ಮುಂದೆ ಆಗಬಹುದಾದ ನಷ್ಟವನ್ನು ಬೇರೆಯವರು ಹೊರಲಿ ಎಂದು ಈಗ ಕಟ್ಟುವ ಹಣ ಅದು. ಅಂಗಡಿಗಳ ಈಗಿನ ‘ಪ್ರೀಮಿಯಂ’ ಇದನ್ನು ತಿರುವಿಹಾಕಿದೆ: ಹಣವನ್ನೂ ಕಟ್ಟಬೇಕು, ನಷ್ಟವನ್ನೂ ತಾನೇ ಹೊರಬೇಕು. ಇದಕ್ಕೆ ಮರ್ಯಾದೆಯ ಬಣ್ಣ ಹಚ್ಚುವುದು ‘ಸಂಯಮ’ ಎಂಬ ಇನ್ನೊಂದು ಮಾತು. ಸಂಯಮ ಎಂದರೆ ಕೈಯಲ್ಲಿರುವುದನ್ನು ಬಳಸದೆ ಬಿಡುವುದು. ಸ್ಟೆಬಿಲೈಸೇಷನ್ ಇದ್ದು ಅದನ್ನು ಆರಿಸಿಟ್ಟರೆ ಸಂಯಮ. ಕಂಪನಿಯೇ ಕೊಡದಿದ್ದರೆ ಅದಕ್ಕೆ ಕೊರತೆ ಎಂದೇ ಹೆಸರು. ಭಾರತದಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ III ಕ್ಯಾಮೆರಾದಲ್ಲೂ ಒಂದೇ ಲೆನ್ಸ್, ಬಿಸಿಲು ಮೋಡ ಎಂಬಷ್ಟೇ ಆಯ್ಕೆ, ಒಂದು ರೋಲಿಗೆ ಹನ್ನೆರಡೇ ಚಿತ್ರ. ಆ ಮಿತಿಗಳು ಇದ್ದದ್ದು ಸಾಮಾನ್ಯ ಮನೆಯವರ ಕೈಗೆಟಕುವಷ್ಟು ಅಗ್ಗವಾಗಲಿ ಎಂದು. ಎಷ್ಟೋ ಮನೆಗಳ ಮದುವೆ, ನಾಮಕರಣ, ಜಾತ್ರೆಯ ಚಿತ್ರಗಳು ಉಳಿದಿರುವುದು ಆ ಅಗ್ಗದ ಪೆಟ್ಟಿಗೆಯಿಂದ. ಈಗಿನ ಮಿತಿ ಬೆಲೆಯನ್ನು ಇಳಿಸುವುದಿಲ್ಲ, ಏರಿಸುತ್ತದೆ.

ರೋಗ ಒಂದೇ ಕಂಪನಿಯದಲ್ಲ. 2025ರ ಮಾರ್ಚ್‌ನಲ್ಲಿ ಬಂದ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್100ಆರ್‌ಎಫ್‌ನದು 102 ಮೆಗಾಪಿಕ್ಸೆಲ್, ಎಫ್4 ಲೆನ್ಸ್, ಸ್ಟೆಬಿಲೈಸೇಷನ್ ಇಲ್ಲ, ಬಂದಾಗಿನ ಬೆಲೆ 4,899 ಡಾಲರ್. ಅದೇ ಕಂಪನಿಯ ಎಕ್ಸ್100VI ಅಷ್ಟು ಕೆಟ್ಟದಲ್ಲ. 2024ರ ಫೆಬ್ರವರಿಯಲ್ಲಿ 1,599 ಡಾಲರಿಗೆ ಬಂದ ಅದಕ್ಕೆ ಸ್ಟೆಬಿಲೈಸೇಷನ್ ಇದೆ, ಸ್ಕ್ರೀನ್ ಓರೆಯಾಗುತ್ತದೆ. ಅಲ್ಲೂ ಮಳೆ ದೂಳಿನ ತಡೆ ಪೂರ್ತಿಯಾಗಬೇಕಾದರೆ ಲೆನ್ಸಿಗೊಂದು ಉಂಗುರ, ಒಂದು ಫಿಲ್ಟರ್ ಬೇರೆಯಾಗಿ ಕೊಳ್ಳಬೇಕು. ಮನೆ ಕಟ್ಟಿಸಿಕೊಟ್ಟು, ಬಾಗಿಲಿಗೆ ಬೇರೆ ಬಿಲ್ ಕೊಟ್ಟ ಹಾಗೆ. ಆದರೂ ಬೇಸಿಗೆಯ ಬೀದಿಯಲ್ಲಿ, ದೀಕ್ಷಾಭೂಮಿಯ ಸಂದಣಿಯಲ್ಲಿ ಒಂದೇ ಲೆನ್ಸಿನ ಕ್ಯಾಮೆರಾ ಹಿಡಿಯಲೇಬೇಕು ಎನ್ನುವವರು ಬಹಳ ಕಡಿಮೆ ಹಣಕ್ಕೆ ಅದನ್ನು ಕೊಳ್ಳುವುದು ವಾಸಿ. ಯಾವುದನ್ನು ಕೊಂಡರೂ, ಹಣ ಎಣಿಸುವ ಮೊದಲು ಅಂಗಡಿಯವರನ್ನು ಮೆಗಾಪಿಕ್ಸೆಲ್ ಬಿಟ್ಟು ಒಂದು ಮಾತು ಕೇಳಬೇಕು: ಒಳಗೆ ದೂಳು ಕೂತರೆ ಬಿಚ್ಚುವುದು ಯಾವ ಊರಿನಲ್ಲಿ, ವಾಪಸು ಬರಲು ಎಷ್ಟು ದಿನ, ಆ ಖರ್ಚು ಯಾರದು?