ಕೊನೆಯ ಎಳೆತ ಕೈಯದ್ದೇ ಇರಲಿ

ವಾರಾಂತ್ಯದಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದೇನೆ ಎಂದು ಹಿಂದೊಮ್ಮೆ ಇಲ್ಲಿ ಬರೆದಿದ್ದೆ. ಅಂದಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ: ‘ಇಳಿಸೋದು ತುಂಬಾ ಕಷ್ಟ ಅಲ್ವಾ?’ ಕಷ್ಟವೇ. ನನ್ನನ್ನು ಹೆಚ್ಚು ಸತಾಯಿಸಿದ್ದು ಮಾತ್ರ ಮೊಣಕಾಲಿನ ಪಕ್ಕದಲ್ಲಿರುವ ಒಂದು ಚಿಕ್ಕ ಚಕ್ರ. ಅದರ ಹೆಸರು ಟ್ರಿಮ್.

ಪಟ್ಟಂನ ನಮ್ಮ ಮನೆಯಿಂದ ಬೆಳಿಗ್ಗೆ ಐದೂವರೆಗೆ ಸ್ಕೂಟರ್ ಹತ್ತಿದರೆ, ಪೇಟ್ಟ, ಚಾಕ್ಕ ದಾಟುವ ಹೊತ್ತಿಗೆ ಶಂಖುಮುಖದ ಕಡಲ ಗಾಳಿ ಮುಖಕ್ಕೆ ಬಡಿಯುತ್ತದೆ. ತಿರುವನಂತಪುರಕ್ಕೂ ಹಾರಾಟಕ್ಕೂ ಹಳೆಯ ನಂಟು. 1935ರ ನವೆಂಬರ್ 1ರಂದು ಟಾಟಾ ಕಂಪನಿಯ ಪುಟ್ಟ ವಿಮಾನ ಇಲ್ಲಿಂದ ಟಪಾಲು ಹೊತ್ತು ಮುಂಬೈಗೆ ಹೊರಟಿತ್ತು. ತಿರುವಾಂಕೂರು ರಾಜಮನೆತನದ ಗೋದವರ್ಮ ರಾಜಾ ಇಲ್ಲಿ ಫ್ಲೈಯಿಂಗ್ ಕ್ಲಬ್ ಕಟ್ಟಿದರು. 1971ರಲ್ಲಿ ಕುಲು ಕಣಿವೆಯ ವಿಮಾನ ಅಪಘಾತದಲ್ಲಿ ಅವರೇ ತೀರಿಕೊಂಡರು. ಪಾಠಕ್ಕೆ ಹೋಗುವಾಗ ಎರಡೂ ನೆನಪಾಗುತ್ತವೆ.

ನಾನು ಕಲಿಯುವುದು ಸೆಸ್ನಾ 172ರಲ್ಲಿ. ನಾಲ್ಕು ಸೀಟು, ಒಂದೇ ಎಂಜಿನ್. ಬಾಲದ ಹಿಂದಿನ ಅಂಚಿನಲ್ಲಿ ಎಲಿವೇಟರ್ ಎಂಬ ಹಲಗೆ ಇದೆ. ಮುಂದಿರುವ ಹಿಡಿಯನ್ನು ನಮ್ಮತ್ತ ಎಳೆದರೆ ಅದು ಮೇಲೇಳುತ್ತದೆ, ವಿಮಾನದ ಮೂಗು ಎತ್ತುತ್ತದೆ. ಆ ಹಲಗೆಯ ಬಲಭಾಗದಲ್ಲಿ ಇನ್ನೊಂದು ಸಣ್ಣ ಪಟ್ಟಿ. ಟ್ರಿಮ್ ಚಕ್ರ ತಿರುಗಿಸಿದರೆ ಈ ಪಟ್ಟಿ ಕೊಂಚ ಬಾಗುತ್ತದೆ, ಗಾಳಿಯೇ ಎಲಿವೇಟರನ್ನು ಹಿಡಿದಿಡುತ್ತದೆ. ಕೈಗೆ ಬಿಡುವು.

ಅರಸೀಕೆರೆ ಕಡೆಯ ನಮ್ಮಜ್ಜ ಗಾಡಿಗೆ ಮೂಟೆ ಹೇರುವಾಗ ಮುಂಭಾರ, ಹಿಂಭಾರ ನೋಡುತ್ತಿದ್ದರು. ಮುಂಭಾರವಾದರೆ ನೊಗ ಎತ್ತುಗಳ ಹೆಗಲು ಒತ್ತುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಒಂದು ಮೂಟೆ ಸರಿಸಿದರೆ ಎತ್ತುಗಳಿಗೆ ಹಗುರ. ಟ್ರಿಮ್ ಮಾಡುವುದೆಂದರೆ ಹಾರುತ್ತಿರುವಾಗಲೇ ಆ ಮೂಟೆ ಸರಿಸಿದ ಹಾಗೆ.

ಇಳಿಯುವಾಗ ಈ ಭಾರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಎಂಜಿನ್ ತಗ್ಗಿಸಿದರೆ ಮೂಗು ಬಾಗುತ್ತದೆ, ಫ್ಲ್ಯಾಪ್ ಬಿಟ್ಟರೆ ಏಳುತ್ತದೆ. ವಾಯುಪಡೆಯಿಂದ ನಿವೃತ್ತರಾದ ನಮ್ಮ ಬೋಧಕರು ಕಲಿಸಿದ ಕ್ರಮ ಇದು: ಮೊದಲು ಮೂಗು ಎಲ್ಲಿರಬೇಕೋ ಅಲ್ಲಿ ಕೈಯಿಂದಲೇ ಹಿಡಿ, ವೇಗ ನೆಲೆಗೊಳ್ಳಲಿ, ಆಮೇಲೆ ಕೈಯ ಭಾರ ಇಳಿಯುವಷ್ಟು ಮಾತ್ರ ಚಕ್ರ ತಿರುಗಿಸು. ರನ್‌ವೇಗೆ ನೇರವಾದ ಮೇಲೆ, ಪೂರ್ತಿ ಫ್ಲ್ಯಾಪ್ ಜೊತೆ ವೇಗ ಸುಮಾರು 65 ನಾಟ್, ಅಂದರೆ ಗಂಟೆಗೆ 120 ಕಿ.ಮೀ. ಸರಿಯಾಗಿ ಟ್ರಿಮ್ ಆಗಿದ್ದರೆ ಕೈ ಸಡಿಲಿಸಿದರೂ ವಿಮಾನ ಆ ವೇಗದ ಆಸುಪಾಸಿನಲ್ಲೇ ಇರುತ್ತದೆ. ಕಣ್ಣು, ಮನಸ್ಸು ಎರಡೂ ರನ್‌ವೇ ಮೇಲೆ ನಿಲ್ಲುತ್ತವೆ.

ನಾನು ಎಡವಿದ್ದು ಇಲ್ಲೇ. ನೆಲ ಹತ್ತಿರವಾದಾಗ ಮೂಗು ಎತ್ತಿ ಮೆಲ್ಲಗೆ ಕೂರಿಸಬೇಕು. ಆ ಕೊನೆಯ ಎಳೆತವೂ ಹಗುರಾಗಲಿ ಎಂದು ಚಕ್ರವನ್ನು ಮೊದಲೇ ಹಿಂದಕ್ಕೆ ತಿರುಗಿಸಿಟ್ಟುಕೊಳ್ಳುತ್ತಿದ್ದೆ. ಅಲ್ಲಿಯವರೆಗೆ ಹಿಡಿಯನ್ನು ಮುಂದಕ್ಕೆ ಒತ್ತಿಕೊಂಡಿರಬೇಕಾಗುತ್ತಿತ್ತು, ಅಷ್ಟೆ. ಸಾರ್ ಎರಡು ಸಲ ಎಚ್ಚರಿಸಿದ್ದರು. ಚೆನ್ನಾಗಿ ಇಳಿಯುತ್ತಿದೆಯಲ್ಲ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಜನವರಿಯ ಒಂದು ಬೆಳಿಗ್ಗೆ, ಇನ್ನು ಇನ್ನೂರು ಅಡಿ ಎತ್ತರ ಇದ್ದಾಗ, ನಮಗಿಂತ ಮೊದಲು ಇಳಿದ ವಿಮಾನ ರನ್‌ವೇ ಬಿಟ್ಟಿರಲಿಲ್ಲ. ‘ಗೋ ಅರೌಂಡ್’ ಎಂದಿತು ಟವರ್. ಇಳಿಯಬೇಡಿ, ಮತ್ತೆ ಏರಿ ಎಂದರ್ಥ. ಥ್ರಾಟಲ್ ಪೂರ್ತಿ ಒತ್ತಿದೆ. ಮೂಗು ತಾನಾಗಿಯೇ ಆಕಾಶಕ್ಕೆ ಎದ್ದಿತು. ಸರಿಯಾಗಿ ಟ್ರಿಮ್ ಮಾಡಿದ್ದರೂ ಆಗ ಮೂಗು ಏಳುತ್ತದೆ, ಆದರೆ ಒಂದು ಕೈಗೆ ಬಗ್ಗುತ್ತದೆ. ಅಂದು ಬಗ್ಗಲಿಲ್ಲ. ವೇಗ ಕುಸಿಯಿತು. ರೆಕ್ಕೆಯ ಎತ್ತುವ ಬಲ ತಪ್ಪುವ ಮುನ್ನ ಕೂಗುವ ಸ್ಟಾಲ್ ಹಾರ್ನ್ ಶುರುವಾಯಿತು. ಸಾರ್ ಎರಡೂ ಕೈಯಿಂದ ತಮ್ಮ ಕಡೆಯ ಹಿಡಿಯನ್ನು ಮುಂದಕ್ಕೆ ಒತ್ತಿ, ‘ಟ್ರಿಮ್, ಟ್ರಿಮ್!’ ಎಂದರು. ನಾನು ಚಕ್ರ ಮುಂದಕ್ಕೆ ಉರುಳಿಸಿದೆ. ಹಾರ್ನ್ ನಿಂತಿತು.

ಮತ್ತೊಂದು ಸುತ್ತು ಹಾಕಿ ಇಳಿದ ಮೇಲೆ ಅವರು ಬೈಯಲಿಲ್ಲ. ಚಹಾ ಕುಡಿಯುತ್ತಾ, ‘ಮೋನೆ, ಟ್ರಿಮ್ ಇರೋದು ಅಪ್ರೋಚ್‌ಗೆ. ನೆಲ ಮುಟ್ಟಿಸೋ ಎಳೆತ ನಿನ್ನ ಕೈಯದ್ದೇ ಆಗಿರಲಿ. ವಾಪಸ್ ಏರಬೇಕಾಗಬಹುದು ಅಂತ ಇಟ್ಟುಕೊಂಡೇ ಇಳಿ’ ಅಂದರು.

ಮನೆಗೆ ಬಂದಾಗ ಹೆಂಡತಿ ‘ಇವತ್ತು ಹೇಗಿತ್ತು?’ ಅಂದಳು. ‘ಪರವಾಗಿಲ್ಲ’ ಅಂದೆ. ಎರಡು ದಿನ ಬಿಟ್ಟು ಪೂರ್ತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಗಳಿಗೆ ನೀವೇ ಗಣಿತ ಹೇಳಿಕೊಡೋವಾಗ, ಗೊತ್ತಿರೋರ ಮಾತು ಕೇಳು ಅಂತೀರಲ್ಲ’ ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಈಗ 65 ನಾಟ್‌ಗೆ ಟ್ರಿಮ್ ಮಾಡಿ ಚಕ್ರ ಬಿಟ್ಟುಬಿಡುತ್ತೇನೆ. ಕೊನೆಯ ಎಳೆತ ಕೈಗೆ ಭಾರವೆನಿಸುತ್ತದೆ. ಇರಲಿ. ಬೋಧಕರಿಲ್ಲದೆ ಒಬ್ಬನೇ ಹಾರುವ ದಿನ ಇನ್ನೂ ಬಂದಿಲ್ಲ, ಬಂದಾಗ ಬರೆಯುತ್ತೇನೆ.