ಕೊಂದವರಾರು, ತಿಂದವರಾರು?

ಆದಿಮಾನವನು ಬೇಟೆಯಾಡಿ ಬದುಕುತ್ತಿದ್ದನೆಂಬ ವಾಕ್ಯವು ಬೇಟೆಯನ್ನು ಕುರಿತ ಸಾಹಿತ್ಯ ಸಂಶೋಧನೆಗಳ ಆರಂಭದಲ್ಲಿ ಯಾವ ಆಧಾರವನ್ನೂ ಬೇಡದೆ ಬಂದು ಕುಳಿತುಕೊಳ್ಳುತ್ತದೆ. ಪಂಪನ ಕಾವ್ಯದ ಬೇಟೆಯ ವರ್ಣನೆಯಾಗಲಿ, ಹುಲಿಯೊಡನೆ ಹೋರಾಡಿ ಮಡಿದವನ ವೀರಗಲ್ಲಾಗಲಿ ಆ ಆದಿಮ ಪ್ರವೃತ್ತಿಯ ಮುಂದುವರಿಕೆಯೆಂಬ ನಿರ್ಣಯವೂ ಅದರ ಬೆನ್ನಿಗೇ ಬರುತ್ತದೆ. ಶಾಸನದ ಒಂದು ಅಕ್ಷರದ ಪಾಠಕ್ಕಾಗಿ ಪುಟಗಟ್ಟಲೆ ವಾದಿಸುವ ವಿದ್ವತ್ತು ಇಪ್ಪತ್ತು ಲಕ್ಷ ವರ್ಷಗಳ ಚರಿತ್ರೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು ಸೋಜಿಗವೇ ಸರಿ.

ಈ ನಂಬಿಕೆಗೆ ಶಾಸ್ತ್ರದ ಉಡುಗೆ ತೊಡಿಸಿದವರಲ್ಲಿ ರೇಮಂಡ್ ಡಾರ್ಟ್ ಪ್ರಮುಖರು. ದಕ್ಷಿಣ ಆಫ್ರಿಕದ ತೌಂಗ್‌ನಲ್ಲಿ ದೊರೆತ ಮಗುವಿನ ತಲೆಬುರುಡೆಯನ್ನು 1925ರಲ್ಲಿ ಲೋಕಕ್ಕೆ ಪರಿಚಯಿಸಿದ ಕೀರ್ತಿ ಅವರದು. ಮುಂದೆ ಮಕಪಾನ್ಸ್‌ಗಾಟ್ ಗುಹೆಯಲ್ಲಿ ಸಿಕ್ಕಿದ ಪ್ರಾಣಿಗಳ ಮುರಿದ ಮೂಳೆಗಳನ್ನೂ ಹಲ್ಲು ಕೊಂಬುಗಳನ್ನೂ ಕಂಡು, ಅವೆಲ್ಲ ಮಾನವ ಪೂರ್ವಜರ ಆಯುಧಗಳೆಂದು ಅವರು ಸಾರಿದರು. 1953ರ ಅವರ ಲೇಖನದಲ್ಲಿ ವಾನರನು ಮಾನವನಾದದ್ದೇ ಕೊಲೆಗಡುಕತನದಿಂದ. ನಾಟಕಕಾರ ರಾಬರ್ಟ್ ಆರ್ಡ್ರಿ 1961ರಲ್ಲಿ 'ಆಫ್ರಿಕನ್ ಜೆನೆಸಿಸ್' ಬರೆದು ಈ ಊಹೆಯನ್ನು ಮನೆಮನೆಗೆ ಮುಟ್ಟಿಸಿದರು. ಎರಡು ಮಹಾಯುದ್ಧಗಳನ್ನು ಕಂಡಿದ್ದ ಲೋಕಕ್ಕೆ ಇದು ಹಿತವಾಗಿಯೇ ಕೇಳಿಸಿರಬೇಕು: ತಪ್ಪು ನಮ್ಮದಲ್ಲ, ರಕ್ತದ್ದು!

ಮೂಳೆಗಳು ಮಾತ್ರ ಬೇರೆಯೇ ಸಾಕ್ಷ್ಯ ನುಡಿದವು. ಸಿ. ಕೆ. ಬ್ರೇನ್ ಅವರು ನಮೀಬಿಯದ ಕುಯಿಸೆಬ್ ನದಿಯ ದಡದ ಹಳ್ಳಿಗಳಲ್ಲಿ, ಜನರು ತಿಂದು ನಾಯಿಗಳು ಕಡಿದು ಬಿಟ್ಟ ಆಡಿನ ಮೂಳೆಗಳನ್ನು ಎಣಿಸಿ ನೋಡಿದರು. ಗಟ್ಟಿಯಾದ ಭಾಗಗಳು ಉಳಿದಿದ್ದವು, ಮೆದುವಾದವು ನಾಶವಾಗಿದ್ದವು. ಡಾರ್ಟ್ ಅವರು ಆಯುಧಗಳ ಆಯ್ಕೆಯೆಂದು ಬಗೆದದ್ದೂ ಇದೇ ಬಗೆಯ ಉಳಿಕೆ. ಸ್ವಾರ್ಟ್‌ಕ್ರಾನ್ಸ್‌ನಲ್ಲಿ ದೊರೆತ ಎಳೆಯ ಜೀವಿಯೊಂದರ ಬುರುಡೆಯ ಮೇಲಣ ಎರಡು ತೂತುಗಳು ಚಿರತೆಯ ಕೆಳದವಡೆಯ ಕೋರೆಗಳಿಗೆ ಸರಿಹೊಂದಿದವು. ತೌಂಗ್‌ನ ಮಗುವನ್ನು ಕೊಂದದ್ದು ದೊಡ್ಡ ಹದ್ದೆಂದು ಲೀ ಬರ್ಗರ್ ಮತ್ತು ರಾನ್ ಕ್ಲಾರ್ಕ್ 1995ರಲ್ಲಿ ವಾದಿಸಿದರು. ಬೇಟೆಗಾರನ ಪಟ್ಟಕ್ಕೆ ಏರಿಸಲ್ಪಟ್ಟ ಜೀವಿಯು ಬೇಟೆಯಾಗಿತ್ತು.

ಹಾಗಾದರೆ ಮಾಂಸ ದೊರೆತದ್ದು ಹೇಗೆ? ತಾಂಜಾನಿಯದ ಓಲ್ಡುವಾಯ್ ಕಮರಿಯಲ್ಲಿ ಸುಮಾರು 18 ಲಕ್ಷ ವರ್ಷ ಹಳೆಯ ನೆಲೆಯ ಮೂಳೆಗಳ ಮೇಲೆ ಕಲ್ಲಿನ ಚಕ್ಕೆಗಳ ಗೀರುಗಳಿವೆ, ಮೃಗಗಳ ಹಲ್ಲಿನ ಗುರುತುಗಳೂ ಇವೆ. ಯಾವುದು ಮೊದಲು ಎಂಬುದೇ ವಿವಾದ. ಸಿಂಹವು ಮಾಂಸವನ್ನು ತಿಂದು ಹೋದಮೇಲೂ ಮೂಳೆಯೊಳಗಿನ ಮಜ್ಜೆ, ಬುರುಡೆಯೊಳಗಿನ ಮಿದುಳು ಉಳಿಯುತ್ತವೆ. ಕತ್ತೆಕಿರುಬ ಬರುವುದಕ್ಕೆ ಮುನ್ನ ಕಲ್ಲಿನಿಂದ ಕುಟ್ಟಿ ಅವನ್ನು ತೆಗೆದುಕೊಳ್ಳಬಹುದಿತ್ತು. ನದಿಯಂಚಿನ ಮರಗಳ ನಡುವೆ ಅಂಥ ಅವಕಾಶ ಹೆಚ್ಚು ಎಂದು ರಾಬರ್ಟ್ ಬ್ಲೂಮೆನ್‌ಶೈನ್ ತೋರಿಸಿದರು. ಮಾಂಸಲ ಭಾಗಗಳಲ್ಲೇ ಗೀರುಗಳಿರುವುದರಿಂದ ಮನುಷ್ಯನೇ ಮೊದಲು ಮುಟ್ಟಿದನೆಂಬುದು ಹೆನ್ರಿ ಬನ್, ಮ್ಯಾನುಯೆಲ್ ಡೊಮಿಂಗೆಜ್ ರೋಡ್ರಿಗೋ ಅವರ ಪ್ರತಿವಾದ. ಕೀನ್ಯದ ದಕ್ಷಿಣ ಕಂಜೇರದಲ್ಲಿ, ಸುಮಾರು 20 ಲಕ್ಷ ವರ್ಷಗಳ ಹಿಂದೆ, ಸಣ್ಣ ಹುಲ್ಲೆಗಳು ಇಡಿಯಾಗಿಯೇ ಬಂದಿದ್ದವು. ದೊಡ್ಡ ಪ್ರಾಣಿಗಳ ತಲೆಗಳನ್ನು ಬೇರೆಡೆಯಿಂದ ಹೊತ್ತು ತಂದಂತಿದೆ. ಎರಡು ಮಾರ್ಗಗಳೂ ಒಂದೇ ನೆಲೆಯಲ್ಲಿ ಕೂಡಿಕೊಂಡಿವೆ.

ಆದ್ದರಿಂದ ಈ ವಿವಾದದಲ್ಲಿ ಎದುರು ಪಕ್ಷದ ಆತುರವೂ ಖಂಡನಾರ್ಹವೇ. ಮನುಷ್ಯನು ಬರಿಯ ಎಂಜಲು ಹೆಕ್ಕಿದವನು, ಆದುದರಿಂದ ಸ್ವಭಾವತಃ ಹಿಂಸೆಯರಿಯದವನು ಎಂಬ ಮಾತು ಕಿವಿಗೆ ಇಂಪು. ಆದರೆ ಅದೂ ಒಂದು ಕಟ್ಟುಕಥೆ. ಜರ್ಮನಿಯ ಶೋನಿಂಗೆನ್‌ನಲ್ಲಿ ಕಾಡುಕುದುರೆಗಳ ಮೂಳೆಗಳ ನಡುವೆ ದೊರೆತ ಮರದ ಈಟಿಗಳು ಎರಡು ಲಕ್ಷ ವರ್ಷಗಳಿಗೆ ಕಡಿಮೆಯವಲ್ಲ. ಅವು ಒಂದುಗೂಡಿ ಹೊಂಚಿ ಕೊಂದವರ ಆಯುಧಗಳು. ಮಾಂಸವೇ ಮಿದುಳನ್ನು ಬೆಳೆಸಿತೆಂಬ ಘೋಷಣೆಯೂ ಅಷ್ಟೇ ದುರ್ಬಲ. ಆಂಡ್ರ್ಯೂ ಬಾರ್ ಮತ್ತು ಸಂಗಡಿಗರು 2022ರಲ್ಲಿ ಪೂರ್ವ ಆಫ್ರಿಕದ ಸಾಕ್ಷ್ಯಗಳನ್ನು ಒಟ್ಟಾಗಿ ತೂಗಿ ನೋಡಿದಾಗ, ಹೋಮೋ ಎರೆಕ್ಟಸ್ ಕಾಣಿಸಿಕೊಂಡ ಬಳಿಕ ಮಾಂಸಾಹಾರವು ಏರುತ್ತ ಹೋಯಿತೆನ್ನಲು ಆಧಾರ ದೊರೆಯಲಿಲ್ಲ. ಆ ಕಾಲದ ನೆಲೆಗಳನ್ನು ಹೆಚ್ಚಾಗಿ ಅಗೆದದ್ದರಿಂದ ಮೂಳೆಗಳು ಹೆಚ್ಚಾಗಿ ಸಿಕ್ಕಿದ್ದವು. ಮೂಳೆ ಉಳಿಯುತ್ತದೆ, ಗೆಡ್ಡೆ ಕೊಳೆಯುತ್ತದೆ. ಸಸ್ಯಗಳ ಕುರುಹು ಕೆಡದೆ ಉಳಿದ ಇಸ್ರೇಲಿನ ಗೆಶೆರ್ ಬೆನೋತ್ ಯಾಕೋವ್‌ನಲ್ಲಿ, ಸುಮಾರು 7.8 ಲಕ್ಷ ವರ್ಷಗಳ ಹಿಂದೆಯೇ, ಕಾಯಿಗಳನ್ನು ಒಡೆದ ಗುಳಿಬಿದ್ದ ಕಲ್ಲುಗಳು ದೊರೆತಿವೆ.

ಒಂದು ಕಾಲದ ಮನುಷ್ಯ ಹೇಗೆ ಹೊಟ್ಟೆ ಹೊರೆದನೆಂಬುದು ಇತಿಹಾಸದ ಪ್ರಶ್ನೆ. ಇಂದಿನ ಮನುಷ್ಯ ಹೇಗೆ ಬಾಳಬೇಕೆಂಬುದು ಧರ್ಮದ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಅಂಟಿಸುವವರು ಎರಡಕ್ಕೂ ದ್ರೋಹ ಬಗೆಯುತ್ತಾರೆ. ಕೊಂದನೆಂಬುದರಿಂದ ಕೊಲೆಗೆ ಸಮರ್ಥನೆ ದೊರೆಯದು. ಕೊಲ್ಲಲಿಲ್ಲವೆಂದು ಸಿದ್ಧವಾದರೆ ತಾನೆ ದಯೆಗೆ ಬೆಲೆ ಬರುವುದೆಂದರೆ, ಆ ದಯೆ ಬಲು ಬಡವಾದದ್ದು. ಅರಸನ ಬೇಟೆಯು ಅರಮನೆಯ ವಿನೋದ, ವೀರಗಲ್ಲು ಊರಿನ ಕೃತಜ್ಞತೆ. ಇವುಗಳ ಅರ್ಥವನ್ನು ಆಯಾ ಸಮಾಜದಲ್ಲಿ, ಆಯಾ ಭಾಷೆಯಲ್ಲಿ ಹುಡುಕಬೇಕಾದವರು ಓಲ್ಡುವಾಯ್‌ನ ಮೂಳೆಗಳ ಕಡೆಗೆ ಬೆರಳು ತೋರಿಸಿ ಪಾರಾಗುವುದು ಸಂಶೋಧನೆಯಲ್ಲ. ಆ ಮೂಳೆಗಳನ್ನು ಉಲ್ಲೇಖಿಸಲೇಬೇಕೆಂದಿದ್ದರೆ, ಅವುಗಳ ಮೇಲೆ ಮೊದಲು ಬಿದ್ದದ್ದು ಹಲ್ಲೋ ಕಲ್ಲೋ ಎಂಬ ವಿವಾದವನ್ನಾದರೂ ಓದಿರಬೇಕು.