ಪಿಯು ವಿದ್ಯಾರ್ಥಿಗಳ ಆಹಾರದಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ: ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರು,
ಕರ್ನಾಟಕ ರಾಜ್ಯ ಆಹಾರ ಆಯೋಗ, ಬೆಂಗಳೂರು.

ಇಂದ,
ಸರ್ಕಾರಿ ಪದವಿಪೂರ್ವ ಕಾಲೇಜುಗಳ ವಿದ್ಯಾರ್ಥಿಗಳ ಪೋಷಕರು,
ವಿಜಯಪುರ ಜಿಲ್ಲೆ.

ವಿಷಯ: ಕ್ಷೀರಭಾಗ್ಯ ಯೋಜನೆಯನ್ನು ದ್ವಿತೀಯ ಪಿಯುವರೆಗೆ ವಿಸ್ತರಿಸುವಂತೆ ಹಾಗೂ ಹಾಸ್ಟೆಲ್ ಊಟದ ಪಟ್ಟಿಯನ್ನು ತಿದ್ದುವಂತೆ ಸರ್ಕಾರಕ್ಕೆ ಸಲಹೆ ನೀಡಲು ಕೋರಿ.

ಮಾನ್ಯರೇ,

2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಹಾಲು ಕುಡಿದು ಬೆಳೆದ ಮಕ್ಕಳೇ ಈಗ ನಮ್ಮ ಮನೆಗಳಿಂದ ಪಿಯು ಕಾಲೇಜಿಗೆ ಹೋಗುತ್ತಿದ್ದಾರೆ. ಹತ್ತನೇ ತರಗತಿಯವರೆಗೆ 150 ಮಿ.ಲೀ. ಹಾಲು, 2024ರಿಂದ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೂಡ ಕೊಟ್ಟ ಸರ್ಕಾರಕ್ಕೆ ನಾವು ಋಣಿಗಳು. ನಮ್ಮ ತಕರಾರು ಇರುವುದು ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ಎರಡು ವರ್ಷಗಳ ಬಗ್ಗೆ.

ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಗೊತ್ತುಪಡಿಸಿದ ಪ್ರಮಾಣದಂತೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 10ರಿಂದ 12 ವರ್ಷದವರಿಗೆ 850 ಮಿಲಿಗ್ರಾಂ, 13ರಿಂದ 15ರವರಿಗೆ 1000, 16ರಿಂದ 18ರವರಿಗೆ 1050. ಅಗತ್ಯ ಹೀಗೆ ಏರುತ್ತಾ ಹೋದರೆ, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಶಾಲಾ ಊಟದ ಹಕ್ಕು 14ನೇ ವಯಸ್ಸಿಗೇ ಮುಗಿಯುತ್ತದೆ, ಕ್ಷೀರಭಾಗ್ಯ ಹತ್ತನೇ ತರಗತಿಗೆ. ಎಲುಬು ಹೆಚ್ಚು ಕೇಳುವ ಹೊತ್ತಿಗೆ ಲೋಟವನ್ನೇ ಕಸಿದುಕೊಂಡಂತಾಗಿದೆ. ಇಪ್ಪತ್ತರ ಆಸುಪಾಸಿಗೆ ಮನುಷ್ಯನ ಎಲುಬಿನ ಗಟ್ಟಿತನ ಬಹುಪಾಲು ತೀರ್ಮಾನವಾಗಿಬಿಡುತ್ತದೆ. ಮುಂದೆ ಬಾಣಂತನ, ಮುಟ್ಟು ನಿಂತ ಮೇಲಿನ ಸವೆತ ಎಲ್ಲಕ್ಕೂ ಹೆಣ್ಣುಮಕ್ಕಳು ಈ ಗಂಟಿನಿಂದಲೇ ಖರ್ಚು ಮಾಡಬೇಕು.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ: ಸರ್ಕಾರಿ ಮತ್ತು ಅನುದಾನಿತ ಪಿಯು ಕಾಲೇಜುಗಳ ಎಲ್ಲ ವಿದ್ಯಾರ್ಥಿಗಳಿಗೂ ತರಗತಿ ನಡೆಯುವ ದಿನಗಳಲ್ಲಿ ಕನಿಷ್ಠ 200 ಮಿ.ಲೀ. ಹಾಲು ಸಿಗಬೇಕು. ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿಯುವ ಮಕ್ಕಳಲ್ಲಿ ಎಷ್ಟೋ ಮಂದಿ ಬರೀ ಚಹಾ ಕುಡಿದು ಬರುತ್ತಾರೆ. ಒಂದು ಲೋಟ ಹಾಲಿನಿಂದ ಸಿಗುವುದು ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ದಿನದ ಅಗತ್ಯದ ಕಾಲು ಭಾಗಕ್ಕೂ ತುಸು ಕಡಿಮೆ ಎಂಬುದು ನಮಗೆ ಗೊತ್ತು. ಉಳಿದದ್ದು ಊಟದಿಂದಲೇ ಬರಬೇಕು.

ಊಟದ ವಿಚಾರದಲ್ಲಿ ನಮ್ಮ ಸೀಮೆಯ ಕಥೆ ಬೇರೆ. ಮೈಸೂರು ಕಡೆಯ ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದ್ದರೆ, ನಮ್ಮ ಜೋಳದಲ್ಲಿ 30 ಕೂಡ ಇಲ್ಲ. ಅಕ್ಕಿಯಲ್ಲಿ ಇನ್ನೂ ಕಡಿಮೆ. ಹಾಗೆಂದು ನಮ್ಮ ಮಕ್ಕಳಿಗೆ ರೊಟ್ಟಿ ಬಿಡಿಸಿ ಮುದ್ದೆ ತಿನ್ನಿಸಿ ಎಂದು ನಾವು ಕೇಳುತ್ತಿಲ್ಲ, ಕೇಳಿದರೂ ಅವರು ತಿನ್ನುವವರಲ್ಲ! ನಮ್ಮ ಹಿರಿಯರು ರೊಟ್ಟಿಯ ಪಕ್ಕ ಇದಕ್ಕೆ ದಾರಿ ಇಟ್ಟಿದ್ದರು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ನುಗ್ಗೆಸೊಪ್ಪಿನ ಪಲ್ಯ. ಸಿಪ್ಪೆ ತೆಗೆಯದ ಎಳ್ಳಿನಲ್ಲಿ 100 ಗ್ರಾಂಗೆ ಸಾವಿರ ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಹಾಸ್ಟೆಲ್‌ಗಳಲ್ಲಿ ದಿನವೂ ಮೊಸರು, ಎಳ್ಳು ಅಥವಾ ಗುರೆಳ್ಳಿನ ಚಟ್ನಿಪುಡಿ, ವಾರಕ್ಕೆರಡು ಬಾರಿ ನುಗ್ಗೆ ಇಲ್ಲವೆ ರಾಜಗಿರಿ ಸೊಪ್ಪು ಕಡ್ಡಾಯವಾಗಲಿ. ಇದಕ್ಕೆ ಹೊಸ ಟೆಂಡರ್ ಬೇಕಿಲ್ಲ. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಚಟ್ನಿಪುಡಿ ಕುಟ್ಟಿ ಕೊಡಬಲ್ಲರು. ಕರಾವಳಿಯ ಹಾಸ್ಟೆಲ್‌ಗಳಲ್ಲಿ ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಕೊಟ್ಟರೆ ವಿಟಮಿನ್ ಡಿ ಕೂಡ ಸಿಗುತ್ತದೆ.

ವಿಟಮಿನ್ ಡಿ ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತದು. ಬಿಸಿಲಿಗೇ ಹೆಸರಾದ ಜಿಲ್ಲೆಯವರು ಈ ಮಾತು ಎತ್ತಿದರೆ ನಗು ಬರಬಹುದು. ಆದರೆ 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಂತೆ ದೇಶದ 10ರಿಂದ 19 ವರ್ಷದವರಲ್ಲಿ ಶೇ. 24ರಷ್ಟು ಮಂದಿಗೆ ಇದರ ಕೊರತೆಯಿದೆ. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಿರಣಗಳು ಮುಖ್ಯವಾಗಿ ಮಧ್ಯಾಹ್ನದ ಆಚೀಚೆಯ ಬಿಸಿಲಲ್ಲಿರುತ್ತವೆ, ಕಿಟಕಿ ಗಾಜಿನಿಂದ ಅವು ಒಳಬರುವುದಿಲ್ಲ. ಆ ಹೊತ್ತಿನಲ್ಲಿ ನಮ್ಮ ಮಕ್ಕಳು ಕೊಠಡಿಯೊಳಗೆ, ಸಂಜೆ ಕೋಚಿಂಗ್‌ನಲ್ಲಿ. ಬೇಸಿಗೆ ಬಿಟ್ಟು ಉಳಿದ ತಿಂಗಳುಗಳಲ್ಲಿ ವಾರಕ್ಕೆ ಮೂರು ದಿನ 11 ಗಂಟೆಯ ನಂತರ ಒಂದು ಆಟದ ಅವಧಿ ಇರಲಿ, ಹುಡುಗಿಯರೂ ಮೈದಾನಕ್ಕೆ ಇಳಿಯಲಿ. ಕೊಡುವ ಹಾಲೂ ಎಣ್ಣೆಯೂ ಎಫ್‌ಎಸ್‌ಎಸ್‌ಎಐ ಮಾನದಂಡದಂತೆ ವಿಟಮಿನ್ ಎ, ಡಿ ಸೇರಿಸಿದವೇ ಆಗಿರಲಿ. ಆ ಮಾನದಂಡದಲ್ಲಿ ಲೀಟರ್ ಹಾಲಿಗೆ 5ರಿಂದ 7.5 ಮೈಕ್ರೋಗ್ರಾಂ ಡಿ ಇರುತ್ತದೆ, ದಿನಕ್ಕೆ ಬೇಕಾದದ್ದು 15; ಹಾಗಾಗಿ ಹಾಲು ಬಂತೆಂದು ಆಟದ ಅವಧಿಯನ್ನು ಕೈಬಿಡಬಾರದು.

ಇನ್ನೊಂದು ಸಣ್ಣ ವಿಷಯ, ಖರ್ಚಿಲ್ಲದ್ದು. ವಾರದ ಕಬ್ಬಿಣಾಂಶದ ಮಾತ್ರೆಯನ್ನು ಹಾಲಿನ ಜೊತೆಗೇ ನುಂಗಿಸಿದರೆ ಕಬ್ಬಿಣ ಸರಿಯಾಗಿ ಹೀರಿಕೆಯಾಗದು. ಎರಡರ ನಡುವೆ ಎರಡು ಗಂಟೆಯಾದರೂ ಅಂತರವಿರುವಂತೆ ಸುತ್ತೋಲೆ ಹೊರಡಿಸಬೇಕು.

ಎಲ್ಲರಿಗೂ ವಿಟಮಿನ್ ಡಿ ಗುಳಿಗೆ ಹಂಚಿ ಎಂದು ನಾವು ಕೇಳುವುದಿಲ್ಲ, ಅತಿಯಾದರೆ ಅದೂ ಕೆಡುಕೇ. ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ತಪಾಸಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಪಿಯು ಕಾಲೇಜುಗಳಿಗೂ ತಪ್ಪದೆ ಬಂದು, ಎಲುಬು ನೋವು, ಸ್ನಾಯು ಬಲಹೀನತೆ ಇರುವವರನ್ನು ಗುರುತಿಸಿ ತಾಲ್ಲೂಕು ಆಸ್ಪತ್ರೆಗೆ ಕಳಿಸಲಿ.

ಆಹಾರ ಭದ್ರತಾ ಕಾಯ್ದೆಯ ಅನುಷ್ಠಾನದ ಬಗ್ಗೆ ಸರ್ಕಾರಕ್ಕೆ ಸಲಹೆ ನೀಡುವ ಅಧಿಕಾರ ಆಯೋಗಕ್ಕಿದೆ. ಮುಂದಿನ ಬಜೆಟ್ ಸಿದ್ಧತೆಗೆ ಮುನ್ನ ಶಿಫಾರಸು ಕಳುಹಿಸಿ, ನಮ್ಮ ಜಿಲ್ಲೆಯ ಹಾಸ್ಟೆಲ್‌ಗಳಿಗೆ ಒಮ್ಮೆ ಊಟದ ಹೊತ್ತಿಗೇ ಭೇಟಿ ಕೊಡಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ಪೋಷಕರು

ಲಗತ್ತು: ಸಹಿಗಳ ಪಟ್ಟಿ
ಪ್ರತಿ: ಜಿಲ್ಲಾಧಿಕಾರಿಗಳು, ವಿಜಯಪುರ